ಸಣ್ಣ ಊರಿನ ಮಿಡ್ಲ್ ಸ್ಕೂಲಿನ ಫಲಿತಾಂಶ ಕುಸಿದಿದೆ: ಮಗಳನ್ನು ಅಲ್ಲಿಗೇ ಸೇರಿಸಬಹುದೇ?

ಪ್ರಶ್ನೆ: ನಮ್ಮದು ಹಳ್ಳಿಗಳ ನಡುವಿನ ಸಣ್ಣ ಪಟ್ಟಣ. 6ರಿಂದ 8ನೇ ತರಗತಿಯವರೆಗಿನ ಸರ್ಕಾರಿ ಮಿಡ್ಲ್ ಸ್ಕೂಲು ಇರುವುದು ಒಂದೇ. 8ನೇ ತರಗತಿಯ ಗಣಿತ ಪರೀಕ್ಷೆಯಲ್ಲಿ ಕಳೆದ ವರ್ಷ 41 ಮಕ್ಕಳಲ್ಲಿ 25 ಮಂದಿ, ಅಂದರೆ ಶೇ 61, ನಿಗದಿತ ಮಟ್ಟ ಮುಟ್ಟಿದ್ದರು. ಈ ವರ್ಷ 38ರಲ್ಲಿ 17 ಮಂದಿ, ಶೇ 45. ಶಾಲೆ ಕೆಟ್ಟುಹೋಯಿತು ಎಂದು ಊರಿನಲ್ಲಿ ಮಾತಾಗಿದೆ. ಒಂದು ಗಂಟೆ ದೂರದ ದೊಡ್ಡ ಶಾಲೆಯಲ್ಲಿ 210 ಮಕ್ಕಳು ಬರೆದು ಶೇ 68 ಬಂದಿದೆ. ಮಗಳು ಮುಂದಿನ ವರ್ಷ 6ನೇ ತರಗತಿಗೆ. ಇಲ್ಲೇ ಸೇರಿಸಲೇ, ಅಲ್ಲಿಗೆ ಕಳಿಸಲೇ? ನಾನು ಪೋಷಕರ ಸಮಿತಿಯಲ್ಲೂ ಇದ್ದೇನೆ. ಶಾಲೆಯನ್ನು ಏನೇನು ಕೇಳಬೇಕು?

ಉತ್ತರ: ಶೇಕಡಾವಾರನ್ನು ಪಕ್ಕಕ್ಕಿಟ್ಟು ಮೊದಲು ಮಕ್ಕಳನ್ನೇ ಎಣಿಸಿ. ಕಳೆದ ವರ್ಷದ ಮಟ್ಟವೇ ಉಳಿದಿದ್ದರೆ 38ರಲ್ಲಿ 23 ಮಕ್ಕಳು ಗೆರೆ ದಾಟಬೇಕಿತ್ತು. ದಾಟಿದವರು 17. ಊರೆಲ್ಲ ಮಾತಾಡುತ್ತಿರುವ ಕುಸಿತವೆಂದರೆ ಆರು ಮಕ್ಕಳು. ನಿಮ್ಮ ಶಾಲೆಯಲ್ಲಿ ಒಂದು ಮಗು ಎಂದರೆ ಶೇ 2.6. ಒಬ್ಬ ಹುಡುಗನಿಗೆ ಪರೀಕ್ಷೆಯ ದಿನ ಜ್ವರ ಬಂದು, ಒಂದು ಕುಟುಂಬ ಊರು ಬಿಟ್ಟು, ಇನ್ನಿಬ್ಬರು ಒಂದೊಂದು ಅಂಕದಲ್ಲಿ ಗೆರೆಯ ಕೆಳಗೆ ನಿಂತರೆ ಶೇಕಡಾವಾರಿನಲ್ಲಿ ಹತ್ತು ಅಂಶ ಅಲ್ಲಿಗೇ ಹೋಯಿತು.

ಇಂಥ ಅಂಕಿ ಯಾರ ತಪ್ಪೂ ಇಲ್ಲದೆ ಎಷ್ಟು ಅಲುಗಾಡಬಲ್ಲದು ಎಂದು ಅಳೆಯಲು ಸರಳ ಲೆಕ್ಕವಿದೆ. ಮಟ್ಟ ಮುಟ್ಟಿದವರ ಪಾಲನ್ನು ಮುಟ್ಟದವರ ಪಾಲಿನಿಂದ ಗುಣಿಸಿ, ಮಕ್ಕಳ ಸಂಖ್ಯೆಯಿಂದ ಭಾಗಿಸಿ, ವರ್ಗಮೂಲ ತೆಗೆಯಿರಿ. ಈ ವರ್ಷಕ್ಕೆ 0.45 ಗುಣಿಸು 0.55 ಭಾಗಿಸು 38. ಅದರ ವರ್ಗಮೂಲ 0.081, ಅಂದರೆ ಸುಮಾರು 8 ಅಂಶ. ಕಳೆದ ವರ್ಷದ್ದೂ ಇದೇ ರೀತಿ ಸುಮಾರು 7.6 ಅಂಶ. ಎರಡು ವರ್ಷಗಳ ವ್ಯತ್ಯಾಸವನ್ನು ತೂಗಬೇಕಾದರೆ ಎರಡನ್ನೂ ವರ್ಗ ಮಾಡಿ, ಕೂಡಿ, ಮತ್ತೆ ವರ್ಗಮೂಲ ತೆಗೆಯಬೇಕು: 11 ಅಂಶ ಬರುತ್ತದೆ. ವ್ಯತ್ಯಾಸವು ಇದರ ಎರಡರಷ್ಟನ್ನು, ಅಂದರೆ 22ನ್ನು ಮೀರಿದಾಗ ಮಾತ್ರ ಏನೋ ಬದಲಾಗಿದೆ ಎಂದು ಧೈರ್ಯವಾಗಿ ಹೇಳಬಹುದು. ನಿಮ್ಮದು 16.

ಈ ಲೆಕ್ಕ ಸಾಮಾನ್ಯವಾಗಿ ಸ್ಯಾಂಪಲ್‌ಗೆ, ಅಂದರೆ ದೊಡ್ಡ ಗುಂಪಿನಿಂದ ಆರಿಸಿದ ಕೆಲವರಿಗೆ, ಹಾಕುವಂಥದ್ದು. ‘ಎಲ್ಲ ಮಕ್ಕಳೂ ಬರೆದಿದ್ದಾರಲ್ಲ, ಸ್ಯಾಂಪಲ್ ಎಲ್ಲಿಂದ ಬಂತು?’ ಎಂದು ಸಮಿತಿಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಒಂದು ವರ್ಷ ಆ ಊರಿನಲ್ಲಿ ಹುಟ್ಟಿ, ಅಲ್ಲೇ ಉಳಿದು, 8ನೇ ತರಗತಿಗೆ ಬಂದು ಕೂತವರು ಯಾರು ಎಂಬುದು ಶಾಲೆಯ ಕೈಯಲ್ಲಿಲ್ಲ. ನಾವು ತಿಳಿಯಬೇಕಿರುವುದು ಶಾಲೆಯ ಕಸುವನ್ನು. ಆ ದೃಷ್ಟಿಯಿಂದ ಪ್ರತಿ ಬ್ಯಾಚೂ ಒಂದು ಸಣ್ಣ ಸ್ಯಾಂಪಲ್ಲೇ. 400 ಮಕ್ಕಳಿರುವ ಕಡೆ ಈ ಅಲುಗಾಟ ಎರಡೂವರೆ ಅಂಶ, 40 ಮಕ್ಕಳಿರುವ ಕಡೆ ಸುಮಾರು ಎಂಟು. ಹಾಗಾಗಿಯೇ ರ್‍ಯಾಂಕ್ ಪಟ್ಟಿಗಳ ತುದಿಯಲ್ಲೂ ಬುಡದಲ್ಲೂ ಸಣ್ಣ ಶಾಲೆಗಳೇ ಹೆಚ್ಚು ಕಾಣಿಸಿಕೊಳ್ಳುತ್ತವೆ. ಅಮೆರಿಕದ ನಾರ್ತ್ ಕ್ಯಾರೊಲೈನಾ ರಾಜ್ಯದ ಫಲಿತಾಂಶಗಳನ್ನು ಜಾಲಾಡಿದ ಥಾಮಸ್ ಕೇನ್ ಮತ್ತು ಡಗ್ಲಸ್ ಸ್ಟೈಗರ್ ಎಂಬ ಅರ್ಥಶಾಸ್ತ್ರಜ್ಞರು 2002ರಲ್ಲಿ ಇದನ್ನೇ ತೋರಿಸಿದರು. ಒಂದು ವರ್ಷ ಬಹುಮಾನ ಪಡೆದ ಸಣ್ಣ ಶಾಲೆ ಮರುವರ್ಷ ಬೈಗುಳ ತಿನ್ನುವುದು ಇದರಿಂದಲೇ. ಅಸಾಧಾರಣವಾಗಿ ಒಳ್ಳೆಯದಾದ ವರ್ಷದ ಬೆನ್ನಿಗೆ ಸಾಧಾರಣ ವರ್ಷ ಬರುವುದೇ ಹೆಚ್ಚು. ಫ್ರಾನ್ಸಿಸ್ ಗಾಲ್ಟನ್ 1886ರಲ್ಲೇ ತಂದೆತಾಯಿ ಮತ್ತು ಮಕ್ಕಳ ಎತ್ತರವನ್ನು ಹೋಲಿಸಿ ಈ ‘ಸರಾಸರಿಯತ್ತ ಮರಳುವಿಕೆ’ಯನ್ನು ವಿವರಿಸಿದ್ದ. ಬಹುಶಃ ನಿಮ್ಮ ಶಾಲೆಯ ಶೇ 61ಕ್ಕೇ ವಿವರಣೆ ಬೇಕಿತ್ತು, ಶೇ 45ಕ್ಕಲ್ಲ. ಹಿಂದಿನ ನಾಲ್ಕೈದು ವರ್ಷಗಳ ಅಂಕಿ ನೋಡದೆ ಇದು ತಿಳಿಯದು.

ಹಾಗಂತ ಶಾಲೆ ಚೆನ್ನಾಗಿದೆ ಎಂದು ಇದರಿಂದ ಸಾಬೀತಾಗಲಿಲ್ಲ. ಕೆಟ್ಟಿದೆ ಎನ್ನಲು ಸಾಕ್ಷ್ಯ ಸಾಲದು, ಅಷ್ಟೇ. ಆ 21 ಮಕ್ಕಳು ಗೆರೆಯ ಕೆಳಗಿದ್ದಾರೆ ಎಂಬುದಂತೂ ನಿಜ. ಅವರಿಗೆ ಏನು ಬರುವುದಿಲ್ಲ ಎಂಬುದನ್ನು ಆ ಒಂದು ಅಂಕಿ ಹೇಳುವುದಿಲ್ಲ, ಹೇಳಲಾರದು.

ಅದಕ್ಕೆ ಶಾಲೆಯಿಂದ ಕೇಳಬೇಕಾದ ಮೊದಲ ಕಾಗದ ಇದು: ಇದೇ ಬ್ಯಾಚು 7ರಲ್ಲಿದ್ದಾಗ, 6ರಲ್ಲಿದ್ದಾಗ ಎಷ್ಟು ತೆಗೆದಿತ್ತು? ಈ ವರ್ಷದ 8ನೇ ತರಗತಿಯನ್ನು ಕಳೆದ ವರ್ಷದ 8ನೇ ತರಗತಿಯೊಂದಿಗೆ ಹೋಲಿಸುವುದೆಂದರೆ ಬೇರೆಯೇ ಮಕ್ಕಳನ್ನು ಹೋಲಿಸಿದಂತೆ. ಈ 38 ಮಕ್ಕಳಲ್ಲಿ 7ನೇ ತರಗತಿಯಲ್ಲಿ ಗೆರೆ ದಾಟಿದ್ದವರು 13 ಮಂದಿ ಇದ್ದು, ಈಗ 17 ಆಗಿದ್ದರೆ ಊರು ‘ಕುಸಿತ’ ಎನ್ನುತ್ತಿರುವುದು ಮಕ್ಕಳ ಮಟ್ಟಿಗೆ ಏರಿಕೆ. ಹೋಲಿಸುವಾಗ ಎರಡೂ ವರ್ಷ ಶಾಲೆಯಲ್ಲಿದ್ದ ಮಕ್ಕಳನ್ನಷ್ಟೇ ಸೇರಿಸಿ. ನಡುವೆ ಬಂದವರನ್ನೂ ಟಿಸಿ ತೆಗೆದುಕೊಂಡು ಹೋದವರನ್ನೂ ಬೇರೆಯಾಗಿ ಎಣಿಸಿ. ಪರೀಕ್ಷೆಗೆ ಗೈರಾದವರು ಎಷ್ಟು ಎಂದೂ ಕೇಳಿ. ಕಡಿಮೆ ಅಂಕದ ನಾಲ್ಕು ಮಕ್ಕಳು ಒಂದು ವರ್ಷ ಬರೆಯದೆ ಮರುವರ್ಷ ಬರೆದರೆ, ಪಾಠದಲ್ಲಿ ಏನೂ ಬದಲಾಗದೆಯೂ ಫಲಿತಾಂಶ ಬಿದ್ದಂತೆ ಕಾಣುತ್ತದೆ. ಅಮೆರಿಕದ ಕಾನೂನು ಕನಿಷ್ಠ ಶೇ 95 ಮಕ್ಕಳು ಬರೆಯಲೇಬೇಕು ಎನ್ನುವುದು ಈ ಕಾರಣಕ್ಕೇ.

ಎರಡನೆಯದು, ಸರಾಸರಿ ಅಂಕ ಮತ್ತು ಅಂಕಗಳ ಹರಡಿಕೆ. ಗೆರೆ ದಾಟಿದವರ ಶೇಕಡಾ ಎಂಬುದು ಒರಟು ಅಳತೆ: ಗೆರೆ 50ಕ್ಕಿದ್ದರೆ 49 ತೆಗೆದವರೂ 12 ತೆಗೆದವರೂ ಅಲ್ಲಿ ಒಂದೇ. ಸಾಮಾನ್ಯವಾಗಿ ಒಳ್ಳೆಯದೆನಿಸುವ ಪರೀಕ್ಷೆಯಲ್ಲೂ, ಅಂದರೆ ವಿಶ್ವಾಸಾರ್ಹತೆ (ಮತ್ತೆ ಬರೆಸಿದರೂ ಅಂಕ ಎಷ್ಟು ಸ್ಥಿರ ಎಂಬ ಅಳತೆ, ಪೂರ್ಣ ಎಂದರೆ 1) 0.90 ಇದ್ದು ಅಂಕಗಳ ಪ್ರಮಾಣಿತ ವಿಚಲನೆ (ಸರಾಸರಿಯ ಸುತ್ತ ಅಂಕಗಳು ಎಷ್ಟು ಚೆದುರಿವೆ ಎಂಬ ಅಳತೆ) 15 ಇರುವ ಕಡೆ, ಒಂದೊಂದು ಮಗುವಿನ ಅಂಕದಲ್ಲಿ ಐದರಷ್ಟು ಹೆಚ್ಚುಕಡಿಮೆ ಸಹಜ. 48 ಮತ್ತು 52ರ ನಡುವೆ ಕಲಿಕೆಯ ವ್ಯತ್ಯಾಸ ಇದೆಯೆಂದು ಹೇಳಲಾಗದು. ಗೆರೆಯ ಆಚೀಚೆ ಐದು ಅಂಕದೊಳಗೆ ಎಷ್ಟು ಮಕ್ಕಳಿದ್ದಾರೆ ಎಂದು ಕೇಳಿ. ಹನ್ನೆರಡು ಮಂದಿ ಇದ್ದರೆ ಶೇ 61ಕ್ಕೂ 45ಕ್ಕೂ ಅರ್ಥ ತೀರಾ ಕಡಿಮೆ.

ಪ್ರಶ್ನೆಪತ್ರಿಕೆ ಅಥವಾ ಗೆರೆಯೇ ಬದಲಾಗಿರಬಹುದು. ಅದೇ ವರ್ಷ ರಾಜ್ಯದ ಒಟ್ಟು ಫಲಿತಾಂಶ ಏಳು ಅಂಶ ಇಳಿದಿದ್ದರೆ ನಿಮ್ಮ ಹದಿನಾರರಲ್ಲಿ ಏಳನ್ನು ಆ ಲೆಕ್ಕಕ್ಕೆ ಬರೆಯಿರಿ.

ಇನ್ನು ಕಾರಣ ಹುಡುಕುವ ಕೆಲಸ. 6, 7, 8 ಮೂರೂ ತರಗತಿ, ಎಲ್ಲ ವಿಷಯ, ಕನಿಷ್ಠ ಮೂರು ವರ್ಷ. ಇವನ್ನು ಒಂದೇ ಹಾಳೆಯಲ್ಲಿ ಕೋಷ್ಟಕ ಮಾಡಿ. ಹೀಗೆ ಮಾಡಿದರೆ ಒಂದೊಂದು ವಿಷಯಕ್ಕೂ ಸುಮಾರು 360 ಫಲಿತಾಂಶ ಕೈಗೆ ಬರುತ್ತವೆ, ಅಲುಗಾಟ ಮೂರು ಅಂಶದ ಆಸುಪಾಸಿಗೆ ಇಳಿಯುತ್ತದೆ. (ಒಂದೇ ಮಗು ಮೂರು ಸಲ ಎಣಿಕೆಯಾಗುವುದರಿಂದ ವಾಸ್ತವದಲ್ಲಿ ಸ್ವಲ್ಪ ಹೆಚ್ಚೇ ಇರುತ್ತದೆ.) ಆಮೇಲೆ ಆಕಾರ ನೋಡಿ. ಒಂದೇ ಬ್ಯಾಚು ಎಲ್ಲ ವಿಷಯಗಳಲ್ಲೂ ಹಿಂದಿದ್ದು, ಮೇಲಿನ ಕೆಳಗಿನ ತರಗತಿಗಳು ಸರಿಯಿದ್ದರೆ ಅದು ಆ ಬ್ಯಾಚಿನ ಸಮಸ್ಯೆ. ಬೇರು ಹೆಚ್ಚಾಗಿ ಪ್ರಾಥಮಿಕ ತರಗತಿಗಳಲ್ಲಿರುತ್ತದೆ. ಮೂರೂ ತರಗತಿಗಳಲ್ಲಿ ಒಂದೇ ವಿಷಯ ಕೆಳಗಿಳಿದು ಉಳಿದವು ನೆಟ್ಟಗಿದ್ದರೆ ಆ ವಿಷಯದ ಪಾಠದಲ್ಲಿ ಏನೋ ಆಗಿದೆ. ಎಲ್ಲ ತರಗತಿ ಎಲ್ಲ ವಿಷಯ ಒಟ್ಟಿಗೆ ಇಳಿದರೆ ಹಾಜರಾತಿ, ಮುಖ್ಯ ಶಿಕ್ಷಕರ ಬದಲಾವಣೆ, ಶಾಲೆಯ ಶಿಸ್ತು, ಪರೀಕ್ಷೆಯ ಬದಲಾವಣೆ ಇವುಗಳ ಕಡೆ ಹೊರಳಿ.

ಸಣ್ಣ ಶಾಲೆಯಲ್ಲಿ ನಡುವಿನದ್ದೇ, ಅಂದರೆ ಒಂದೇ ವಿಷಯ ಮೂರೂ ಕಡೆ ಇಳಿಯುವುದೇ, ಪದೇ ಪದೇ ಕಾಣುವ ಆಕಾರ. ಅಲ್ಲಿ ಗಣಿತಕ್ಕೆ ಇರುವುದು ಒಬ್ಬರೇ ಶಿಕ್ಷಕರು. ದೊಡ್ಡ ಶಾಲೆಯಲ್ಲಿ ಐವರಲ್ಲಿ ಒಬ್ಬರು ಹೋದರೆ ಐದನೇ ಒಂದು ಪಾಲು ಮಕ್ಕಳಿಗೆ ತಟ್ಟುತ್ತದೆ. ಇಲ್ಲಿ ಒಬ್ಬರು ಹೋದರೆ ಇಡೀ ಶಾಲೆಯ ಗಣಿತವೇ ಹೋಯಿತು. ಆದ್ದರಿಂದ ಸಮಿತಿಯಲ್ಲಿ ಹೆಸರು ಎತ್ತದೆ, ಆರೋಪದ ದನಿಯಿಲ್ಲದೆ ಹೀಗೆ ಕೇಳಿ: ಕಳೆದ ಮೂರು ವರ್ಷಗಳಲ್ಲಿ ಗಣಿತದ ಹುದ್ದೆ ಎಷ್ಟು ದಿನ ಖಾಲಿ ಇತ್ತು? ಆ ದಿನಗಳಲ್ಲಿ ಪೀರಿಯಡ್ ತೆಗೆದುಕೊಂಡವರು ಯಾರು, ಅವರು ಗಣಿತ ಓದಿದವರೇ? ಹೊಸಬರಾದರೆ ಅವರಿಗೆ ಜೊತೆಯಾಗಿ ಪಾಠ ಯೋಜಿಸಲು ಯಾರಿದ್ದಾರೆ? ಒಬ್ಬರೇ ಗಣಿತದ ಶಿಕ್ಷಕರಿರುವ ಶಾಲೆಯಲ್ಲಿ ಅವರು ತಮ್ಮ ಅನುಮಾನವನ್ನು ಯಾರೊಂದಿಗೂ ಚರ್ಚಿಸಲಾಗದೆ ಒಂಟಿಯಾಗಿರುತ್ತಾರೆ. ಪಕ್ಕದ ಊರುಗಳ ಗಣಿತ ಶಿಕ್ಷಕರ ಜೊತೆ ತಿಂಗಳಿಗೊಮ್ಮೆ ಎರಡು ಗಂಟೆ ಕೂತು ಮಕ್ಕಳ ಉತ್ತರ ಪತ್ರಿಕೆಗಳನ್ನು ನೋಡುವ ಏರ್ಪಾಡು ಮಾಡಿಸುವುದು ಸಮಿತಿಯ ಕೈಯಲ್ಲಾಗುವ ಕೆಲಸ, ಖರ್ಚೂ ಕಡಿಮೆ.

ಹಾಜರಾತಿಯಲ್ಲಿ ಸರಾಸರಿಯನ್ನು ನಂಬಬೇಡಿ. 40 ಮಕ್ಕಳ ತರಗತಿಯಲ್ಲಿ 32 ಮಂದಿ ವರ್ಷಕ್ಕೆ ನಾಲ್ಕು ದಿನ, 8 ಮಂದಿ 40 ದಿನ ಗೈರಾದರೆ 180 ದಿನಗಳ ವರ್ಷದಲ್ಲಿ ಸರಾಸರಿ ಹಾಜರಾತಿ ಸುಮಾರು ಶೇ 94 ಬರುತ್ತದೆ. ಕೇಳಲು ಹಿತವಾಗಿದೆ. ಆದರೆ ಐವರಲ್ಲಿ ಒಂದು ಮಗು ವರ್ಷದ ಐದನೇ ಒಂದು ಪಾಲಿಗಿಂತ ಹೆಚ್ಚು ಪಾಠ ಕಳೆದುಕೊಂಡಿದೆ. ಕೇಳಬೇಕಾದದ್ದು ‘ಶೇ 10ಕ್ಕಿಂತ ಹೆಚ್ಚು ದಿನ ಗೈರಾದ ಮಕ್ಕಳು ಎಷ್ಟು’ ಎಂದು. 180 ದಿನಕ್ಕೆ ಅದು 18 ದಿನ, ತಿಂಗಳಿಗೆ ಎರಡೇ ದಿನ. ತಿಂಗಳಿಗೆ ಎರಡು ದಿನ ಎಂದರೆ ಯಾರ ಕಣ್ಣಿಗೂ ದೊಡ್ಡದಾಗಿ ಕಾಣುವುದಿಲ್ಲ, ಅಪಾಯ ಇರುವುದೇ ಅಲ್ಲಿ. ಗಣಿತದಲ್ಲಿ ಸೋಮವಾರ ತಪ್ಪಿದ ಪಾಠದ ಮೇಲೆ ಮಂಗಳವಾರದ್ದು ನಿಂತಿರುತ್ತದೆ. ಹಾಜರಿ ಪುಸ್ತಕವನ್ನು ವಾರದ ದಿನದ ಪ್ರಕಾರ, ಬರುವ ದಾರಿಯ ಪ್ರಕಾರ ವಿಂಗಡಿಸಿ ನೋಡಲು ಹೇಳಿ. ಒಂದೇ ದಿಕ್ಕಿನಿಂದ ಬರುವ ಏಳು ಮಕ್ಕಳು ಒಂದೇ ದಿನ ಗೈರಾಗಿದ್ದರೆ ಸಮಸ್ಯೆ ಬಸ್ಸಿನದ್ದು. ಚೆದುರಿದ್ದರೆ ಮನೆಯ ಕಾರಣ: ತಮ್ಮ ತಂಗಿಯರನ್ನು ನೋಡಿಕೊಳ್ಳುವುದು, ಕೆಲಸ, ಕಾಯಿಲೆ, ಇಲ್ಲವೇ ಶಾಲೆಯಲ್ಲಿ ಯಾರೋ ಕಾಡಿಸುತ್ತಿರುವ ಭಯ. ಸತತ ಎರಡನೇ ದಿನ ಮಗು ಬಾರದಿದ್ದರೆ ಆ ದಿನವೇ ಮನೆಗೊಂದು ಫೋನು ಹೋಗಬೇಕು, ಗದರಿಸಲು ಅಲ್ಲ, ಏನಾಯಿತೆಂದು ಕೇಳಲು. ಅಮೆರಿಕದ ಫಿಲಡೆಲ್ಫಿಯಾ ನಗರದ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿ ರಾಬರ್ಟ್ ಬಾಲ್ಫಾನ್ಸ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮುಂದೆ ಶಾಲೆ ಬಿಡುವ ಸೂಚನೆ 6ನೇ ತರಗತಿಯಲ್ಲೇ ಸಿಗುತ್ತದೆ: ಹಾಜರಾತಿ ಶೇ 80ಕ್ಕಿಂತ ಕೆಳಗೆ, ಗಣಿತದಲ್ಲಿ ಅಥವಾ ಭಾಷೆಯಲ್ಲಿ ನಪಾಸು, ಅಶಿಸ್ತಿಗಾಗಿ ಶಾಲೆಯಿಂದ ಹೊರಗಿಟ್ಟದ್ದು. 38 ಮಕ್ಕಳ ತರಗತಿಯಲ್ಲಿ ಇದಕ್ಕೆ ಕಂಪ್ಯೂಟರೂ ಬೇಡ. ತಿಂಗಳಿಗೊಮ್ಮೆ ಅರ್ಧ ಗಂಟೆ, ಒಂದು ಹಾಳೆ ಸಾಕು. ಸಣ್ಣ ಶಾಲೆಯ ನಿಜವಾದ ಬಲ ಇದು.

ಈಗ ಕಲಿಕೆಯ ಒಳಗೆ ಇಳಿಯೋಣ. ಮಿಡ್ಲ್ ಸ್ಕೂಲಿನಲ್ಲಿ ಹಿಂದೆ ಬಿದ್ದ ಮಗುವಿಗೆ ಬಹುತೇಕ ಎರಡರಲ್ಲಿ ಒಂದು ಕೊರತೆ ಇರುತ್ತದೆ: ಸರಾಗವಾಗಿ ಓದಲು ಬಾರದು, ಇಲ್ಲವೇ ಭಿನ್ನರಾಶಿ ಅರ್ಥವಾಗಿಲ್ಲ. ಎರಡನ್ನೂ ಪ್ರಾಥಮಿಕದಲ್ಲಿ ಕಲಿತು ಮುಗಿದಿದೆ ಎಂದು 6ನೇ ತರಗತಿಯ ಪಠ್ಯ ಭಾವಿಸುತ್ತದೆ. ದೆಹಲಿಯ ಮಕ್ಕಳ ಬಗ್ಗೆ ಕಾರ್ತಿಕ್ ಮುರಳೀಧರನ್ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 6ನೇ ತರಗತಿಯ ಮಕ್ಕಳು ಗಣಿತದಲ್ಲಿ ಸರಾಸರಿ ಎರಡೂವರೆ ತರಗತಿ ಹಿಂದಿದ್ದರು, ಮೇಲಿನ ತರಗತಿಗೆ ಹೋದಂತೆ ಆ ಅಂತರ ಇನ್ನೂ ಹಿಗ್ಗಿತ್ತು. ಪಾಠ 6ರದ್ದು, ಮಗು ಮೂರೂವರೆಯದ್ದು. ಮೇಷ್ಟ್ರು ಎಷ್ಟೇ ಚೆನ್ನಾಗಿ ಹೇಳಿದರೂ ಅದು ಮಗುವಿನ ತಲೆಯ ಮೇಲಿಂದ ಹಾದುಹೋಗುತ್ತದೆ.

ಓದನ್ನು ಅಳೆಯಲು ಮಗುವಿಗೆ ಮೂರು ನಿಮಿಷ ಸಾಕು. ಹಿಂದಿನ ತರಗತಿಯ ಮಟ್ಟದ, ಆದರೆ ಮಗು ಮೊದಲು ನೋಡಿರದ, ಸುಮಾರು 200 ಪದಗಳ ಮೂರು ಗದ್ಯಭಾಗ ಆರಿಸಿ. ಒಂದೊಂದನ್ನೂ ಗಟ್ಟಿಯಾಗಿ ಒಂದು ನಿಮಿಷ ಓದಿಸಿ. ತಪ್ಪು ಓದಿದ, ಬಿಟ್ಟ, ಮೂರು ಸೆಕೆಂಡಿಗಿಂತ ಹೆಚ್ಚು ತಡವರಿಸಿದ ಪದಗಳನ್ನು ಕಳೆದು ಸರಿ ಓದಿದ್ದನ್ನು ಎಣಿಸಿ. ಮೂರರಲ್ಲಿ ನಡುವಿನ ಅಂಕಿಯನ್ನು ಇಟ್ಟುಕೊಳ್ಳಿ, ಸರಾಸರಿ ಬೇಡ. ಒಂದು ಭಾಗ ಅಕಸ್ಮಾತ್ ಕಷ್ಟದ್ದಾದರೆ ಸರಾಸರಿ ಕೆಡುತ್ತದೆ. ಬೇರೆ ಭಾಷೆಯ ‘ನಿಮಿಷಕ್ಕೆ ಇಷ್ಟು ಪದ’ ಎಂಬ ಗುರಿಯನ್ನು ಕನ್ನಡಕ್ಕೆ ಎತ್ತಿ ತರಬೇಡಿ. ‘ಹೋಗಬೇಕಾಗಿದ್ದವರಿಗೆ’ ಎಂಬುದು ನಮ್ಮಲ್ಲಿ ಒಂದೇ ಪದ. ವೇಗವನ್ನು ಅದೇ ತರಗತಿಯ ಇತರರೊಂದಿಗೆ, ಮತ್ತು ಅದೇ ಮಗುವಿನ ಎರಡು ತಿಂಗಳ ಹಿಂದಿನ ಓದಿನೊಂದಿಗೆ ಹೋಲಿಸಿ. ಆದರೆ ನಿಖರತೆಗೆ ಎಲ್ಲ ಕಡೆ ಒಂದೇ ಕಟ್ಟು: 100 ಪದಗಳಲ್ಲಿ 95 ಸರಿ ಓದಿದರೆ ಆ ಪುಸ್ತಕದಿಂದ ಕಲಿಯಬಲ್ಲದು, 90ಕ್ಕಿಂತ ಕೆಳಗಿದ್ದರೆ ಆ ಪುಸ್ತಕ ಅದಕ್ಕೆ ಗೋಡೆ.

ಓದುತ್ತದೆ ಆದರೆ ಓದಿದ್ದನ್ನು ಹೇಳಲು ಬರುವುದಿಲ್ಲ ಎಂದಾದರೆ ಸಮಸ್ಯೆ ಅಕ್ಷರದ್ದಲ್ಲ; ಪದಸಂಪತ್ತು, ವಿಷಯದ ಪರಿಚಯ ಸಾಲದು. 1988ರಲ್ಲಿ ಡಾನಾ ರೆಕ್ಟ್ ಮತ್ತು ಲಾರೆನ್ ಲೆಸ್ಲಿ 7 ಮತ್ತು 8ನೇ ತರಗತಿಯ 64 ಮಕ್ಕಳಿಗೆ ಬೇಸ್‌ಬಾಲ್ ಪಂದ್ಯದ ವಿವರಣೆಯೊಂದನ್ನು ಓದಲು ಕೊಟ್ಟರು. ಆಟ ಗೊತ್ತಿದ್ದ ‘ದಡ್ಡ’ ಓದುಗರು, ಆಟ ಗೊತ್ತಿಲ್ಲದ ‘ಜಾಣ’ ಓದುಗರಿಗಿಂತ ಚೆನ್ನಾಗಿ ಅರ್ಥ ಮಾಡಿಕೊಂಡಿದ್ದರು. ಫಲಿತಾಂಶ ಬಿದ್ದ ಶಾಲೆ ಮೊದಲು ಮಾಡುವ ತಪ್ಪು ಇಲ್ಲೇ: ವಿಜ್ಞಾನ, ಸಮಾಜ ವಿಜ್ಞಾನದ ಪೀರಿಯಡ್ ಕಿತ್ತು ಭಾಷೆ, ಗಣಿತದ ಅಭ್ಯಾಸಕ್ಕೆ ಹಾಕುವುದು. ಆ ಪೀರಿಯಡ್‌ಗಳಲ್ಲೇ ಮಗುವಿಗೆ ಓದು ಅರ್ಥವಾಗಲು ಬೇಕಾದ ಸಾಮಗ್ರಿ ಸಿಗುವುದು. ಅವನ್ನು ಮುಟ್ಟಲು ಸಮಿತಿ ಬಿಡಬಾರದು.

ಭಿನ್ನರಾಶಿಯ ವಿಷಯ ಇನ್ನೂ ಗಂಭೀರ. ರಾಬರ್ಟ್ ಸೀಗ್ಲರ್ ಮತ್ತು ಸಂಗಡಿಗರು 2012ರಲ್ಲಿ ಅಮೆರಿಕ ಮತ್ತು ಬ್ರಿಟನ್‌ನ ದತ್ತಾಂಶದಿಂದ ತೋರಿಸಿದಂತೆ, ಹತ್ತರ ವಯಸ್ಸಿನಲ್ಲಿ ಭಿನ್ನರಾಶಿ ಮತ್ತು ಭಾಗಾಕಾರ ಎಷ್ಟು ಗೊತ್ತಿತ್ತು ಎಂಬುದು ಹೈಸ್ಕೂಲಿನ ಬೀಜಗಣಿತವನ್ನು ಮುಂಚಿತವಾಗಿ ಹೇಳಬಲ್ಲದು. ಮನೆಯ ಆದಾಯ, ಪೋಷಕರ ಓದು, ಮಗುವಿನ ಬುದ್ಧಿಮಟ್ಟ ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ. ಇದನ್ನು ಪರೀಕ್ಷಿಸಲು ದೊಡ್ಡ ಪ್ರಶ್ನೆಪತ್ರಿಕೆ ಬೇಡ. 12/13 + 7/8 ಇದರ ಉತ್ತರ 1, 2, 19, 21 ಇವುಗಳಲ್ಲಿ ಯಾವುದಕ್ಕೆ ಹತ್ತಿರ? 1978ರಲ್ಲಿ ಅಮೆರಿಕದ ರಾಷ್ಟ್ರೀಯ ಮೌಲ್ಯಮಾಪನದಲ್ಲಿ ಕೇಳಿದ ಪ್ರಶ್ನೆ ಇದು. 13 ವರ್ಷದ ಮಕ್ಕಳಲ್ಲಿ 2 ಎಂದವರು ಶೇ 24 ಮಾತ್ರ. 19 ಎನ್ನುವ ಮಗು ಮೇಲಿನವನ್ನು ಕೂಡಿದೆ, 21 ಎನ್ನುವುದು ಕೆಳಗಿನವನ್ನು. ಎರಡಕ್ಕೂ 12/13 ಎಂದರೆ ಒಂದಕ್ಕೆ ಸ್ವಲ್ಪ ಕಡಿಮೆಯಾದ ಒಂದು ಸಂಖ್ಯೆ ಎಂದು ತಿಳಿದಿಲ್ಲ.

ತಪ್ಪು ಉತ್ತರವೇ ಇಲ್ಲಿ ರೋಗದ ಲಕ್ಷಣ, ಹಾಗಾಗಿ ಅಂಕ ಹಾಕಿ ಮುಂದೆ ಹೋಗದೆ ಏನು ಬರೆದಿದೆ ಎಂದು ನೋಡಿ. 0.35 ದೊಡ್ಡದೋ 0.6 ದೊಡ್ಡದೋ ಎಂದರೆ 0.35 ಎನ್ನುವ ಮಗು ದಶಮಾಂಶ ಚುಕ್ಕೆಯ ನಂತರದ್ದನ್ನು ಪೂರ್ಣಸಂಖ್ಯೆಯಂತೆ ಓದುತ್ತಿದೆ. 1/2 + 1/3ಕ್ಕೆ 2/5 ಬರೆದ ಮಗುವಿಗೆ ನಿಯಮ ಹೇಳಬೇಡಿ. ‘2/5 ಅರ್ಧಕ್ಕಿಂತ ಹೆಚ್ಚೋ ಕಡಿಮೆಯೋ? ಅರ್ಧಕ್ಕೆ ಇನ್ನಷ್ಟು ಸೇರಿಸಿದರೆ ಅರ್ಧಕ್ಕಿಂತ ಕಡಿಮೆಯಾಗುತ್ತದೆಯೇ?’ ಎಂದು ಕೇಳಿ, ಸುಮ್ಮನಿರಿ. 0ಯಿಂದ 2ರವರೆಗಿನ ಸಂಖ್ಯಾರೇಖೆಯ ಮೇಲೆ 3/4, 5/3 ಗುರುತಿಸಲು ಹೇಳಿ. 8 + 4 = ☐ + 5 ಇದಕ್ಕೆ 12 ಅಥವಾ 17 ಬರೆದರೆ ಸಮ ಚಿಹ್ನೆ ಎಂದರೆ ‘ಇನ್ನು ಉತ್ತರ ಬರೆ’ ಎಂದು ಮಗು ತಿಳಿದಿದೆ; ಸಮೀಕರಣಗಳ ಪಾಠ ಬಂದಾಗ ಅದು ಅಲ್ಲೇ ಕುಸಿಯುತ್ತದೆ. ಇಂಥ ಹತ್ತು ಲೆಕ್ಕ, 20 ನಿಮಿಷ, 6ನೇ ತರಗತಿಯ ಮೊದಲ ವಾರದಲ್ಲೇ. ಯಾವ ಮಗು ಯಾವ ತಪ್ಪು ಮಾಡಿದೆ ಎಂಬ ಪಟ್ಟಿ ಶಿಕ್ಷಕರ ಕೈಯಲ್ಲಿದ್ದರೆ ವರ್ಷಾಂತ್ಯದ ಪರೀಕ್ಷೆಗೆ ಕಾಯಬೇಕಿಲ್ಲ.

ಸರಿಪಡಿಸುವ ದಾರಿಗಳಲ್ಲಿ ಹೆಚ್ಚು ಬಲವಾದ ಸಾಕ್ಷ್ಯ ಇರುವುದು ಸಣ್ಣ ಗುಂಪಿನ ಹೆಚ್ಚುವರಿ ಪಾಠಕ್ಕೆ. ಆದರೆ ಪ್ರಮಾಣ ತಪ್ಪಿದರೆ ಅದು ಫಲ ಕೊಡುವುದಿಲ್ಲ. ಗುಂಪಿಗೆ ಮೂರು, ಹೆಚ್ಚೆಂದರೆ ನಾಲ್ಕು ಮಕ್ಕಳು, ವಾರಕ್ಕೆ ಮೂರು ಸಲ, ಪ್ರತಿ ಸಲ ಕನಿಷ್ಠ 30 ನಿಮಿಷ, ಕಲಿಸುವವರು ಬದಲಾಗಬಾರದು, ಶಾಲೆಯ ಸಮಯದೊಳಗೇ ನಡೆಯಬೇಕು. ಸಂಜೆ ಇಟ್ಟರೆ ಬಸ್ಸಿಗೆ ಓಡುವ ಮಕ್ಕಳೇ ತಪ್ಪಿಸಿಕೊಳ್ಳುತ್ತಾರೆ, ಅವರಿಗೇ ಅದು ಹೆಚ್ಚು ಬೇಕಾಗಿರುವುದು. ನಿಮ್ಮಲ್ಲಿ ಒಂದು ತರಗತಿಗೆ 12 ಮಕ್ಕಳು ಎಂದಿಟ್ಟುಕೊಳ್ಳಿ: ನಾಲ್ಕು ಗುಂಪು, ವಾರಕ್ಕೆ ಆರು ಗಂಟೆ. ಮೂರು ತರಗತಿಗೂ ಸೇರಿ 18 ಗಂಟೆ. ತರಬೇತಿ ಪಡೆದ ಒಬ್ಬರು ಅರೆಕಾಲಿಕವಾಗಿ ಮಾಡಬಹುದಾದ ಕೆಲಸ. 24 ವಾರ ನಡೆದರೆ ಪ್ರತಿ ಮಗುವಿಗೆ 36 ಗಂಟೆ ಸಿಗುತ್ತದೆ. ಪರೀಕ್ಷೆಗೆ ಮೂರು ವಾರ ಇರುವಾಗ 25 ಮಕ್ಕಳನ್ನು ಒಟ್ಟಿಗೆ ಕೂರಿಸಿ ನಡೆಸುವ ‘ವಿಶೇಷ ತರಗತಿ’ ಇದಲ್ಲ.

ಸಮಿತಿಯಾಗಿ ಒಂದು ಎಚ್ಚರ. ‘ಮುಂದಿನ ವರ್ಷ ಶೇ 60 ಮಾಡಿ ತೋರಿಸಿ’ ಎಂದು ಶಾಲೆಗೆ ಗುರಿ ಕೊಡಬೇಡಿ. ಗುರಿ ಮುಟ್ಟಲು ಅತಿ ಸುಲಭದ ದಾರಿ ಗೆರೆಯ ಹತ್ತಿರ ಇರುವ ಆರೇಳು ಮಕ್ಕಳನ್ನು ಮಾತ್ರ ತಿದ್ದುವುದು. ಷಿಕಾಗೊ ಶಾಲೆಗಳಲ್ಲಿ ಹೀಗೇ ಆದದ್ದನ್ನು ಡೆರೆಕ್ ನೀಲ್ ಮತ್ತು ಡಯಾನ್ ಷಾಂಜೆನ್‌ಬಾಕ್ 2010ರಲ್ಲಿ ದಾಖಲಿಸಿದ್ದಾರೆ: ನಡುವಿನ ಮಕ್ಕಳ ಅಂಕ ಏರಿತು, ತೀರಾ ಕೆಳಗಿದ್ದವರದ್ದು ಏರಲಿಲ್ಲ. ಬದಲಿಗೆ ಗುರಿಯನ್ನು ಹೀಗೆ ಇಡಿ: 18 ದಿನಕ್ಕಿಂತ ಹೆಚ್ಚು ಗೈರಾಗುವವರು ಎಂಟರಿಂದ ನಾಲ್ಕಕ್ಕೆ ಇಳಿಯಲಿ, 6ನೇ ತರಗತಿಯಲ್ಲಿ ನಿಖರತೆ ಶೇ 90ಕ್ಕಿಂತ ಕೆಳಗಿರುವ ಒಂದು ಮಗುವೂ ವರ್ಷಾಂತ್ಯಕ್ಕೆ ಉಳಿಯದಿರಲಿ. ಇನ್ನೊಂದು ಮಾತು, ಸಣ್ಣ ಊರಿನಲ್ಲಿ ಅಂಕಿಯ ಹಿಂದಿನ ಮಗು ಯಾವುದೆಂದು ಎಲ್ಲರಿಗೂ ಗೊತ್ತಾಗಿಬಿಡುತ್ತದೆ. ಹತ್ತಕ್ಕಿಂತ ಕಡಿಮೆ ಮಕ್ಕಳಿರುವ ಗುಂಪಿನ ಫಲಿತಾಂಶವನ್ನು ಸಭೆಯಲ್ಲಿ ಓದಬೇಡಿ. ಹೆಸರಿನ ಪಟ್ಟಿ ಶಿಕ್ಷಕರ ಕೊಠಡಿ ಬಿಟ್ಟು ಹೊರಗೆ ಬರಬಾರದು.

ಶಾಲೆಯ ಬಗ್ಗೆ ತೀರ್ಪು ಕೊಡಲೇಬೇಕೆಂದರೆ ಹೈಸ್ಕೂಲಿಗೆ ಹೋಗಿ ಕೇಳಿ. ನಿಮ್ಮ ಶಾಲೆಯಿಂದ ಬಂದ ಮಕ್ಕಳಲ್ಲಿ 9ನೇ ತರಗತಿಯ ಗಣಿತದಲ್ಲಿ ನಪಾಸಾದವರು ಕಳೆದ ಮೂರು ವರ್ಷಗಳಲ್ಲಿ ಎಷ್ಟು, ಬೇರೆ ಕಡೆಯಿಂದ ಬಂದವರಲ್ಲಿ ಎಷ್ಟು? ಇದು 8ನೇ ತರಗತಿಯ ಯಾವ ಪರೀಕ್ಷೆಗಿಂತಲೂ ಪ್ರಾಮಾಣಿಕ ಉತ್ತರ.

ಇನ್ನು ನಿಮ್ಮ ಮಗಳು. ದೂರದ ಶಾಲೆಯ ಶೇ 68ರ ಅಲುಗಾಟ ಮೂರು ಅಂಶ ಮಾತ್ರ, ಅಂಕಿ ಗಟ್ಟಿಯಾಗಿದೆ ನಿಜ. ಆದರೆ ಅದು ಆ ಶಾಲೆ ಎಷ್ಟು ಕಲಿಸಿತು ಎಂದು ಹೇಳುವುದಿಲ್ಲ. ಅಲ್ಲಿ ಸೇರುವಾಗಲೇ ಮಕ್ಕಳು ಮುಂದಿದ್ದಿರಬಹುದು. ಆ ಶಾಲೆಗೂ ಅದೇ ಪ್ರಶ್ನೆ ಕೇಳಿ: 6ರಲ್ಲಿ ಎಲ್ಲಿದ್ದವರು 8ರಲ್ಲಿ ಎಲ್ಲಿಗೆ ಬಂದರು? ಹೋಗಿ ಬರಲು ದಿನಕ್ಕೆ ಎರಡು ಗಂಟೆ, ವಾರಕ್ಕೆ ಹತ್ತು. 11 ವರ್ಷದ ಮಗುವಿನ ನಿದ್ದೆ, ಆಟ, ಓದು ಎಲ್ಲ ಅದರಿಂದಲೇ ಕಳೆಯುತ್ತವೆ. ಶಾಲೆ ಬದಲಾಯಿಸುವುದಕ್ಕೂ ಬೆಲೆ ಇದೆ: ಜೋನಾ ರಾಕಾಫ್ ಮತ್ತು ಬೆಂಜಮಿನ್ ಲಾಕ್‌ವುಡ್ 2010ರಲ್ಲಿ ನ್ಯೂಯಾರ್ಕ್ ನಗರದ ಬಗ್ಗೆ ಬರೆದ ಅಧ್ಯಯನದಲ್ಲಿ, ಪ್ರಾಥಮಿಕ ಶಾಲೆ ಬಿಟ್ಟು ಬೇರೆ ಮಿಡ್ಲ್ ಸ್ಕೂಲಿಗೆ ಸೇರಿದ ವರ್ಷ ಮಕ್ಕಳ ಗಣಿತ, ಭಾಷೆ ಎರಡೂ ಕುಸಿದಿದ್ದವು. ನಿಮ್ಮ ಮಗಳಿಗೆ ಈ ಬದಲಾವಣೆ ಎರಡೂ ಕಡೆ ಇದೆ, ಆದರೆ ಇಲ್ಲಿ ಗೆಳತಿಯರು ಜೊತೆಗಿರುತ್ತಾರೆ.

ಹೀಗಾಗಿ ಇಲ್ಲೇ ಸೇರಿಸಿ ಎಂಬುದೇ ಉತ್ತರ, ಎರಡು ಸಂದರ್ಭಗಳನ್ನು ಬಿಟ್ಟು. ಗಣಿತದ ಹುದ್ದೆ ಮುಂದಿನ ವರ್ಷವಿಡೀ ಖಾಲಿ ಉಳಿಯುವುದು ಖಚಿತವಾಗಿದ್ದರೆ, ಅಥವಾ ಮಕ್ಕಳನ್ನು ಕಾಡಿಸುವ ದೂರುಗಳಿಗೆ ಶಾಲೆ ಕಿವಿಗೊಡುತ್ತಿಲ್ಲ ಎಂದಾದರೆ ದೂರದ ಪ್ರಯಾಣಕ್ಕೆ ಅರ್ಥವಿದೆ. ಸೇರಿಸುವ ಮುಂಚೆ ಮೇಲಿನ ಓದಿನ ಪರೀಕ್ಷೆ, ಹತ್ತು ಲೆಕ್ಕ ಎರಡನ್ನೂ ಮನೆಯಲ್ಲೇ ಮಾಡಿಸಿ. ಭಿನ್ನರಾಶಿಯಲ್ಲಿ ಎಡವಿದರೆ ಛೇದ ಸಮ ಮಾಡುವ ವಿಧಾನದಿಂದ ಶುರುಮಾಡಬೇಡಿ. ಒಂದು ಉದ್ದನೆಯ ಕಾಗದದ ಪಟ್ಟಿಯನ್ನು ಎರಡು, ಮೂರು, ನಾಲ್ಕು, ಆರು ಭಾಗ ಮಡಿಸಿ, ಯಾವುದು ಎಲ್ಲಿ ಬೀಳುತ್ತದೆ ಎಂದು ಸಂಖ್ಯಾರೇಖೆಯ ಮೇಲೆ ಗುರುತು ಹಾಕಿಸಿ. ದಿನಕ್ಕೆ 15 ನಿಮಿಷದಂತೆ ಆರು ವಾರ. ಶಾಲೆ ಶುರುವಾಗಿ ಒಂದು ತಿಂಗಳಾದ ಮೇಲೆ ಅವಳ ಗಣಿತದ ನೋಟ್ ಬುಕ್ ತೆರೆದು ನೋಡಿ: ತಪ್ಪಾದ ಲೆಕ್ಕದ ಪಕ್ಕದಲ್ಲಿ ಬರೀ ಕೆಂಪು ಗುರುತಿದೆಯೋ, ಅದೇ ಲೆಕ್ಕವನ್ನು ಅವಳು ಮತ್ತೆ ಮಾಡಿದ್ದಾಳೋ? ಬರೀ ಗುರುತಿದ್ದರೆ ಆ ನೋಟ್ ಬುಕ್ ಹಿಡಿದುಕೊಂಡೇ ಗಣಿತ ಶಿಕ್ಷಕರನ್ನು ಭೇಟಿಯಾಗಿ, ಅವಳು ಎಲ್ಲಿ ಎಡವುತ್ತಿದ್ದಾಳೆ ಎಂದು ಕೇಳಿ.